ನಾನೂರ ಹನ್ನೆರಡು ವಿಳಾಸ

ಸಿಂದಗಿಯ ನಮ್ಮ ಶಾಲೆಗೆ ಬಸಂತರಾಯರು ಕಾರಕೂನರಾಗಿ ಸೇರಿದ್ದು 1968ರಲ್ಲಿ. ನಾನು ವಿಜ್ಞಾನದ ಮಾಸ್ತರನಾಗಿ ಅಲ್ಲಿಗೆ ಬಂದದ್ದು 1999ರಲ್ಲಿ. ಅಷ್ಟರೊಳಗೆ ಅವರ ಕೈಯಿಂದ ಆರು ಸಾವಿರಕ್ಕೂ ಹೆಚ್ಚು ಮಕ್ಕಳ ಹೆಸರು ದಾಖಲಾತಿ ರಜಿಸ್ಟರಿಗೆ ಏರಿದ್ದವು. ಮಗುವಿನ ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಗುರುತು, ಹುಟ್ಟಿದ ತಾರೀಖು. ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಜೂನ್ ಒಂದು. ಅವರದೂ ಜೂನ್ ಒಂದೇ. ಆಲಮೇಲದ ಶಾಲೆಯಲ್ಲಿ ಯಾರೋ ಮಾಸ್ತರು ಹಾಗೇ ಬರೆದುಕೊಂಡಿದ್ದರಂತೆ.

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿಯಲ್ಲಿ ಅವರ ವಾಸ. ಎರಡು ಹೊತ್ತಿನ ಊಟ ಖಾನಾವಳಿಯಲ್ಲಿ. ಹೆಂಡತಿ ಸುಮಿತ್ರಾಬಾಯಿ ಮದುವೆಯಾದ ಐದನೇ ವರ್ಷ ಕಾಮಣಿ ಬೇನೆಯಾಗಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಮತ್ತೊಂದು ಮದುವೆ ಮಾಡಿಕೊಳ್ಳಿ ಎಂದು ಅಣ್ಣನ ಮನೆಯವರು ಒಂದೆರಡು ವರ್ಷ ಹೇಳಿದರು, ಆಮೇಲೆ ಹೇಳುವುದನ್ನು ಬಿಟ್ಟರು. ಇದೆಲ್ಲ ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೊದಲ ಮೂರು ವರ್ಷ ನಾನು ಅವರೊಂದಿಗೆ ಆಡಿದ ಮಾತೆಲ್ಲ ರಜೆಯ ಅರ್ಜಿ, ಪಗಾರ ಪತ್ರಕ, ಚಾಕ್‌ಪೀಸಿನ ಪೆಟ್ಟಿಗೆಯಲ್ಲೇ ಮುಗಿಯುತ್ತಿತ್ತು.

2002ರ ಜನವರಿಯಲ್ಲಿ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಮರುವರ್ಷ ಶಾಲೆಯ ಸುವರ್ಣ ಮಹೋತ್ಸವ. ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರಾದ ಡಾಕ್ಟರ್ ಅರುಣಕುಮಾರ ವಿಜಾಪುರದಲ್ಲಿ ದವಾಖಾನೆ ಇಟ್ಟಿದ್ದರು. ಕಂಪ್ಯೂಟರ್ ಕೊಡಿಸಿದವರು ಅವರೇ. ಅದನ್ನು ಮೇಜಿನ ಮೇಲಿರಿಸಿದ ದಿನವೇ ಬಸಂತರಾಯರನ್ನು ಕರೆದು ಕೆಲಸ ಒಪ್ಪಿಸಿದರು.

"ನಮ್ಮ ಸಾಲ್ಯಾಗ ಕಲತವ್ರು ಎಲ್ಲೆಲ್ಲಿ ಅದಾರ, ಎಲ್ಲಾರ ವಿಳಾಸಾನೂ ಇದರಾಗ ಬರಬೇಕ್ರಿ ಬಸಂತರಾಯರ. ಒಂದ ಸಲ ಗುಂಡಿ ಒತ್ತಿದ್ರ ಎಲ್ಲಾರಿಗೂ ಕಾಗದ ಹೋಗಬೇಕು, ಹಂಗ."

"ಆತ್ರಿ" ಎಂದರು ಬಸಂತರಾಯರು. ಐವತ್ತಾರನೇ ವಯಸ್ಸಿನಲ್ಲಿ ಅವರಿಗೆ ಕಂಪ್ಯೂಟರ್ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಟೈಪಿಂಗ್ ಬರುತ್ತಿದ್ದುದರಿಂದ ಬೆರಳಿಗೆ ಕಷ್ಟವಾಗಲಿಲ್ಲ. ಮೌಸ್ ಎಂಬ ಇಲಿಯನ್ನು ಹಿಡಿಯಲು ಮಾತ್ರ ಒಂದು ವಾರ ಬೇಕಾಯಿತು. ಮೇಲ್ ಪ್ರೋಗ್ರಾಮಿನೊಳಗಿನ ವಿಳಾಸದ ಪುಸ್ತಕ ತೆರೆದು ತೋರಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು, ಮೇಲ್ ವಿಳಾಸ, ಮನೆ, ಫೋನು, ಹೆಂಡತಿ ಅಥವಾ ಗಂಡನ ಹೆಸರು, ಮಕ್ಕಳು, ಹುಟ್ಟುಹಬ್ಬ.

"ಇದು ನಮ್ಮ ರಜಿಸ್ಟರ್‌ನಂಗ ಐತಲ್ರಿ!" ಎಂದು ಅವರ ಮುಖ ಅರಳಿತು. ಆಮೇಲೆ ಒಂದು ಚೌಕದ ಮೇಲೆ ಬೆರಳಿಟ್ಟು ಕೇಳಿದರು, "ಮಾಸ್ತರ್ರ, ಇಲ್ಲಿ ನಿಕ್‌ನೇಮ್ ಅಂತ ಐತಿ. ಹಂಗಂದ್ರೇನ್ರಿ?"

"ಅಡ್ಡಹೆಸರು" ಎಂದೆ.

ಪುಸ್ತಕದ ಕನ್ನಡದಲ್ಲಿ ಅದು ಸರಿ. ನಮ್ಮ ಕಡೆ ಅಡ್ಡಹೆಸರು ಎಂದರೆ ಮನೆತನದ ಹೆಸರು. ಅವರು ರಜಿಸ್ಟರ್ ನೋಡಿ ಹೆಸರು ಹೊಡೆಯತೊಡಗಿದ್ದರು. ಮೂರು ದಿನ ಬಿಟ್ಟು ನೋಡಿದರೆ ಆ ಚೌಕದಲ್ಲೆಲ್ಲ ಬಿರಾದಾರ, ಪಾಟೀಲ, ಹಿರೇಮಠ, ಮುಲ್ಲಾ, ನಾಟೀಕಾರ! ಬಿರಾದಾರ ಎಂದು ಹೊಡೆದರೆ ಯಾರಿಗೆ ಕಳಿಸಲಿ ಎಂದು ಯಂತ್ರ ಇಪ್ಪತ್ತಾರು ಜನರನ್ನು ಮುಂದೆ ನಿಲ್ಲಿಸುತ್ತಿತ್ತು. ಅವರಲ್ಲಿ ನಾಲ್ವರು ಮಲ್ಲಿಕಾರ್ಜುನ ಬಿರಾದಾರರು. ನಾನು ತಲೆ ಕೆರೆದುಕೊಂಡೆ. ಬಸಂತರಾಯರು ಎಲ್ಲರ ಮುಂದೆ ಊರಿನ ಹೆಸರು ಸೇರಿಸಿ ಸರಿಮಾಡಿದರು. ಸಾಲೋಟಗಿ ಮಲ್ಲಿಕಾರ್ಜುನ, ಹಲಸಂಗಿ ಮಲ್ಲಿಕಾರ್ಜುನ, ಹೀಗೆ. ಸಾಲೋಟಗಿಯಿಂದಲೇ ಇಬ್ಬರಿದ್ದರು. ಅವರಲ್ಲಿ ಒಬ್ಬನಿಗೆ 'ಎಡಗೆನ್ನೆ ಮಚ್ಚೆ' ಎಂದು ಬರೆದರು.

ವಿಳಾಸ ಸಿಗುವುದೇ ದೊಡ್ಡ ಕೆಲಸವಾಗಿತ್ತು. ರಜಿಸ್ಟರಿನಲ್ಲಿದ್ದ ತಂದೆಯ ಹೆಸರು, ಊರು ನೋಡಿ ಅವರು ಕಾರ್ಡು ಬರೆದರು. ಉತ್ತರ ಬಾರದ ಕಡೆ ಭಾನುವಾರ ತಾವೇ ಬಸ್ಸು ಹತ್ತಿದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಡುವಿನ ಹಳ್ಳಿಗಳು. ಮನೆ ಹುಡುಕಿಕೊಂಡು ಹೋಗಿ ಕಟ್ಟೆಯ ಮೇಲೆ ಕುಳಿತು "ನಿಮ್ಮ ತಮ್ಮ ಈಗ ಎಲ್ಲಿ ಅದಾನ್ರಿ? ಅವನ ಈ-ಮೇಲ್ ಐತೇನ್ರಿ?" ಎಂದು ಕೇಳುತ್ತಿದ್ದರು. ಜನ ಲಗ್ನಪತ್ರಿಕೆಯ ಹಿಂದೆಯೋ ಕ್ಯಾಲೆಂಡರಿನ ಹಾಳೆಯಲ್ಲೋ ಬರೆದು ಕೊಡುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಕಾಗದ ಹೋಗುವುದಿಲ್ಲ ಎಂದು ನಾನು ಹೇಳಿದ್ದೆ. ಅದಕ್ಕೆ ಅವರು ಅಲ್ಲಿಯೇ ಮೂರು ಸಲ ಓದಿಸಿ ಕೇಳಿಕೊಂಡು ಬರುತ್ತಿದ್ದರು.

ಒಮ್ಮೆ ಬಾಗೇವಾಡಿಯಿಂದ ಒಬ್ಬ ತಂದೆಯ ಕಾರ್ಡು ಬಂತು. ಮಗ 1991ರಲ್ಲೇ ತೀರಿಕೊಂಡ ಎಂದು ಎರಡು ಸಾಲು. ಇಂಥವು ಒಟ್ಟು ಹತ್ತೊಂಬತ್ತು ಬಂದವು.

"ತೆಗೆದುಬಿಡ್ರಿ" ಎಂದೆ.

"ಹೆಸರು ಹಾಕೀನಲ್ರಿ, ಹೆಂಗ ತೆಗೀಲಿ?" ಎಂದರು. ಕೊನೆಗೆ ಅವರಿಗೆಲ್ಲ ಬೇರೆ ಒಂದು ಗುಂಪು ಮಾಡಿ ಇಟ್ಟರು. ಅದಕ್ಕೆ ಹೆಸರು ಕೊಡಲಿಲ್ಲ, ಒಂದು ಚುಕ್ಕೆ ಇಟ್ಟರು.

ಜೂನ್ ಮುಗಿಯುವ ಹೊತ್ತಿಗೆ ಮೇಲ್ ವಿಳಾಸ ಇದ್ದವರು ನಾನೂರ ಹನ್ನೆರಡು ಮಂದಿಯಾಗಿದ್ದರು. ಒಂದು ದಿನ ಪುಸ್ತಕವನ್ನು ಸರಿಯಾಗಿ ಜೋಡಿಸಿಕೊಡುವಾಗ ಅವರದೇ ಪುಟ ಕಣ್ಣಿಗೆ ಬಿತ್ತು. ಪ್ರಯೋಗಕ್ಕೆಂದು ಮೊದಲ ದಿನ ನಾನೇ ಮಾಡಿಕೊಟ್ಟದ್ದು. ಹೆಂಡತಿ ಎಂಬ ಕಡೆ ಅವರು ಸುಮಿತ್ರಾಬಾಯಿ ಎಂದು ತುಂಬಿದ್ದರು. ಮಕ್ಕಳು ಎಂಬ ಕಡೆ ಖಾಲಿ. ಅಂದು ನಾನು ಕೇಳಿದೆ, ಅವರು ಹೇಳಿದರು. ಹದಿನೆಂಟು ವರ್ಷದ ಹಿಂದಿನ ಮಾತು. ಹೇಳುತ್ತ ಅವರು ಮೇಜಿನ ಮೇಲಿನ ಗುಂಡುಸೂಜಿಗಳನ್ನು ಡಬ್ಬಿಗೆ ತುಂಬುತ್ತಿದ್ದರು.

ಜುಲೈ ತಿಂಗಳ ಒಂದು ಸೋಮವಾರ ಪುಣೆಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬನ ಮೇಲ್ ಬಂತು. ಜೊತೆಗೆ ಏನೋ ಲಗತ್ತಾಗಿತ್ತು. ಹುಡುಗ ಫೋಟೋ ಕಳಿಸಿರಬೇಕು ಎಂದು ಬಸಂತರಾಯರು ಒತ್ತಿದರು. ಏನೂ ಕಾಣಲಿಲ್ಲ. ಫೋನಿನ ಪಕ್ಕದ ಮೋಡೆಮ್ ಡಬ್ಬಿಯ ದೀಪ ಮಾತ್ರ ಒಂದೇ ಸಮನೆ ಮಿಟುಕುತ್ತಿತ್ತು. ನನ್ನ ತರಗತಿ ಮುಗಿಸಿ ಬಂದು ನೋಡುವಷ್ಟರಲ್ಲಿ ಆಗುವುದು ಆಗಿಹೋಗಿತ್ತು. ಅದು ವೈರಸ್. ವಿಳಾಸದ ಪುಸ್ತಕ ತೆರೆದು ನಾನೂರ ಹನ್ನೆರಡು ಮಂದಿಗೂ ಬಸಂತರಾಯರ ಹೆಸರಿನಲ್ಲಿ ಮೇಲ್ ಕಳಿಸಿತ್ತು. ಒಳಗೆ ಇಂಗ್ಲಿಷಿನ ಒಂದೇ ಸಾಲು, ಹೇಗಿದ್ದೀರಿ ಎಂದು. ಅದರ ಬಾಲಕ್ಕೆ ಅದೇ ರೋಗ.

ಮರುದಿನ ಬೆಳಿಗ್ಗೆಯೇ ಡಾಕ್ಟರರ ಫೋನು. ಬಸಂತರಾಯರು ರಿಸೀವರ್ ಕಿವಿಗೆ ಒತ್ತಿಕೊಂಡಿದ್ದರೂ ಆ ಕಡೆಯ ದನಿ ನನಗೆ ಕೇಳುತ್ತಿತ್ತು.

"ಏನ್ ಮಾಡಿಟ್ಟೀರಿ ಬಸಂತರಾಯರ? ಮಂದಿ ನನಗ ಫೋನ್ ಮಾಡಿ ಬಯ್ಯಾಕತ್ತಾರ. ಯಾಕ ಮುಟ್ಟಾಕ ಹೋದ್ರಿ ಅದನ್ನ?"

"ತಪ್ಪಾತ್ರಿ" ಎಂದರು ಬಸಂತರಾಯರು. ಮತ್ತೆ "ತಪ್ಪಾತ್ರಿ" ಎಂದರು. ಮೂವತ್ತು ವರ್ಷದ ಹಿಂದೆ ಈ ಡಾಕ್ಟರರ ಹೆಸರನ್ನೂ ರಜಿಸ್ಟರಿಗೆ ಹಚ್ಚಿದವರು ಅವರೇ.

ಆ ವಾರ ಉತ್ತರಗಳು ಬಂದವು. ನಿಮ್ಮ ಯಂತ್ರಕ್ಕೆ ರೋಗ ತಗಲಿದೆ ಎಂದು ಹಲವರು, ಇನ್ನು ಮೇಲೆ ನನಗೆ ಏನೂ ಕಳಿಸಬೇಡಿ ಎಂದು ಕೆಲವರು. ಚೆನ್ನಾಗಿದ್ದೇನೆ ಎಂದು ಇಬ್ಬರೋ ಮೂವರೋ. ಉಳಿದದ್ದೆಲ್ಲ ವಿಳಾಸ ಇಲ್ಲ ಎಂದು ವಾಪಸಾದದ್ದು. ಗುರುವಾರ ಬಂದದ್ದು ಮಾತ್ರ ಉದ್ದದ ಕಾಗದ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅವರಿಗೆ ಅದನ್ನು ಓದಲು ತೊಡಕಾಗಿ ನನ್ನನ್ನು ಕರೆದರು. ನಾನು ಓದಿದೆ.

"ಸರ, ನಾನು ಗೌಸಬಿ, ಗಾದಿ ಹೊಲಿಯೋ ಬಂದಗಿಸಾಬನ ಮಗಳು, 1981ರಾಗ ಹತ್ತನೇತ್ತ ಪಾಸಾದಾಕಿ. ಮಸ್ಕತ್‌ನ್ಯಾಗ ದವಾಖಾನ್ಯಾಗ ನರ್ಸ್ ಅದೀನಿ. ನೀವು ಹೆಂಗದೀ ಅಂತ ಕೇಳೀರಿ. ಎಲ್ಲಾರಿಗೂ ಚಲೋ ಅದೀನಿ ಅಂತ ಹೇಳ್ತೀನಿ. ನಿಮಗ ಖರೇ ಹೇಳ್ತೀನಿ ಸರ, ಚಲೋ ಇಲ್ಲ. ಮಾರ್ಚ್‌ನ್ಯಾಗ ಅಪ್ಪ ಹೋದ. ಅಣ್ಣ ಯಾಕೂಬಸಾಬ ನನಗ ಹೇಳಿದ್ದು ಎಂಟ ದಿನದ ಮ್ಯಾಲೆ. ನೀ ಅಲ್ಲಿಂದ ಬಂದ್ರೂ ಮುಖ ಸಿಗತಿರಲಿಲ್ಲ ಅಂದ. ಊರಿಂದ ಫೋನ್ ಮಾಡೋರು ಇಲ್ಲಿ ಕೆಲಸ ಸಿಗ್ತದೇನು, ವೀಸಾ ಸಿಗ್ತದೇನು ಅಂತ ಕೇಳ್ತಾರ. ನೀ ಹೆಂಗದೀ ಅಂತ ಯಾರೂ ಕೇಳಂಗಿಲ್ಲ. ವಾರ್ಡ್‌ನ್ಯಾಗ ದಿನಾ ನಲವತ್ತ ಮಂದಿನ ನಾನ ಕೇಳ್ತೀನಿ. ಅಪ್ಪ ನನ್ನ ಸಾಲಿಗೆ ಕರಕೊಂಡ ಬಂದಾಗ ಹುಟ್ಟಿದ ದಿನ ಯಾವುದು ಅಂತ ನೀವು ಕೇಳಿದ್ರಿ. ಜ್ವಾಳ ರಾಶಿ ಮಾಡೂ ಮುಂದ ಅಂದಿದ್ದ. ಸುಗ್ಗ್ಯಾಗ ಹುಟ್ಟಿದಾಕಿಗೆ ಜೂನ್ ಒಂದು ಬರದ್ರಿ. ನನಗ ನೆನಪೈತಿ."

ಓದಿ ಮುಗಿಸಿದೆ. ಬಸಂತರಾಯರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ಬಂದಗಿಸಾಬ ಹೋದದ್ದು ನನಗೂ ಗೊತ್ತಿಲ್ರಿ ಮಾಸ್ತರ್ರ. ಇದ ಊರಾಗ ಅದೀನಿ."

"ಚಲೋ ಆತಲ್ರಿ, ಒಬ್ರರ ನಿಮ್ಮನ್ನ ನೆನಸಿದ್ರು" ಎಂದೆ.

"ನಾ ಎಲ್ಲಿ ಕೇಳೀನ್ರಿ? ಕೇಳಿದ್ದು ಆ ರೋಗ."

"ಅದನ್ಯಾಕ ಹೇಳಾಕ ಹೋಗ್ತೀರಿ. ಸಮಾಧಾನ ಮಾಡಿ ನಾಕ ಸಾಲು ಬರದ ಬಿಡ್ರಿ."

ಅವರು ಒಂದು ಹಾಳೆ ತೆಗೆದುಕೊಂಡು ಆ ಕಾಗದವನ್ನು ಕನ್ನಡ ಅಕ್ಷರದಲ್ಲಿ ಪೂರ್ತಿ ನಕಲು ಮಾಡಿಕೊಂಡರು. ಮಾಡಿಕೊಂಡದ್ದು ಒಳ್ಳೆಯದೇ ಆಯಿತು. ಶನಿವಾರ ವಿಜಾಪುರದಿಂದ ಬಂದ ರಿಪೇರಿಯವನು ಕಂಪ್ಯೂಟರಿನೊಳಗಿನದೆಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಟ್ಟು ಹೋದ. ಆರು ತಿಂಗಳ ಕೆಲಸ ಒಂದು ತಾಸಿನಲ್ಲಿ ಹೋಯಿತು. ವಿಳಾಸಗಳೆಲ್ಲ ಉದ್ದನೆಯ ವಹಿಯಲ್ಲಿ ಕೈಬರಹದಲ್ಲಿ ಇದ್ದವು. ಸೋಮವಾರದಿಂದ ಅವರು ಮತ್ತೆ ಒಂದನೆಯವನಿಂದ ಹೊಡೆಯತೊಡಗಿದರು.

ಗೌಸಬಿಗೆ ಉತ್ತರ ಬರೆದದ್ದು ಹನ್ನೆರಡು ದಿನದ ಮೇಲೆ. ಕಳಿಸುವ ಮುನ್ನ ಸ್ಪೆಲಿಂಗ್ ನೋಡಿ ಎಂದು ನನಗೆ ತೋರಿಸಿದರು.

"ಯವ್ವಾ ಗೌಸಬಿ, ಆ ಕಾಗದ ನಾನು ಬರದದ್ದಲ್ಲ. ಕಂಪ್ಯೂಟರಿಗೆ ರೋಗ ಬಂದು ತಾನ ಎಲ್ಲಾರಿಗೂ ಕಳಿಸೇತಿ. ಇದನ್ನ ಹೇಳಲಿಲ್ಲ ಅಂದ್ರ ನಿನಗ ಮೋಸ ಮಾಡಿದಂಗ ಆಗ್ತದ. ಆದ್ರ ನಿನ್ನ ಕಾಗದ ನಾನು ಓದೀನಿ, ಬರಕೊಂಡೂ ಇಟ್ಟೀನಿ. ಈಗ ನಾನ ಕೇಳಾಕತ್ತೀನಿ. ಹೆಂಗದೀ?"

ಕಳಿಸಿದರು. ಆಮೇಲೆ ದಿನಾ ಬಂದ ಕೂಡಲೇ ಕಂಪ್ಯೂಟರ್ ಹಚ್ಚಿ ನೋಡುವುದು, ಮಧ್ಯಾಹ್ನದ ಬಿಡುವಿನಲ್ಲಿ ನೋಡುವುದು, ಬೀಗ ಹಾಕುವ ಮುನ್ನ ಮತ್ತೊಮ್ಮೆ. ನಾನು ಒಳಗೆ ಬಂದರೆ ವಹಿ ತೆರೆದು ಹೊಡೆಯುವವರಂತೆ ಕೂರುತ್ತಿದ್ದರು. ಆಗಸ್ಟ್ ಬಂತು. ಒಂದು ದಿನ ಕೇಳದೆ ಇದ್ದರೂ ತಾವಾಗಿಯೇ ಹೇಳಿದರು.

"ಹೇಳಬಾರದಿತ್ತು ಅನಸ್ತದ್ರಿ. ಆಕಿಗೆ ಇದ್ದದ್ದು ಅಷ್ಟ, ಅದನ್ನೂ ಕಸಗೊಂಡಂಗ ಆತು."

ಗಂಟೆ ಹೊಡೆಯಿತು. ನಾನು ತರಗತಿಗೆ ಹೋದೆ.

ಇಪ್ಪತ್ತಮೂರನೇ ದಿನ ಉತ್ತರ ಬಂತು. "ಸರ, ಅದು ವೈರಸ್ ಅಂತ ಆವತ್ತ ಗೊತ್ತಿತ್ತು. ನಮ್ಮ ದವಾಖಾನ್ಯಾಗೂ ಎಲ್ಲಾರಿಗೂ ಬಂದಿದ್ವು. ಉಳಿದದ್ದನ್ನ ಅಳಿಸಿದೆ. ನಿಮ್ಮ ಹೆಸರು ನೋಡಿ ಅಳಸಾಕ ಆಗಲಿಲ್ಲ. ನೀವು ಖರೇ ಹೇಳಿದ್ರಿ ಅಂತ ಮತ್ತ ಬರದೀನಿ. ನನಗ ಒಂದು ಕೆಲಸ ಮಾಡಿಕೊಡ್ತೀರೇನ್ರಿ? ಅಪ್ಪನ ಗೋರಿ ಎಲ್ಲಿ ಐತಿ, ಹೆಂಗ ಐತಿ, ನೋಡಿ ಬರೀರಿ. ಅಣ್ಣನ್ನ ಕೇಳಿದ್ರ ಐತಿ ಅಂತಷ್ಟ ಹೇಳ್ತಾನ."

ಅಂದು ಶಾಲೆ ಬಿಟ್ಟ ಮೇಲೆ ಬಸಂತರಾಯರು ಖಬರಸ್ತಾನಕ್ಕೆ ಹೋದರು. ಜೊತೆಗೆ ನನ್ನನ್ನೂ ಕರೆದರು. ಅದನ್ನು ನೋಡಿಕೊಳ್ಳುವ ಅಬ್ದುಲರಜಾಕ ಎಂಬ ಮುದುಕ ಬಾಗಿಲ ಬಳಿ ಇದ್ದ. ಅವನು ಮೂಲೆಯಲ್ಲೊಂದು ಮಣ್ಣಿನ ದಿಬ್ಬ ತೋರಿಸಿದ. ಮಳೆಗೆ ಮಣ್ಣು ಕುಸಿದಿತ್ತು, ಹುಲ್ಲು ಬೆಳೆದಿತ್ತು. ಬಸಂತರಾಯರು ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಗೋಡೆಯಿಂದ ಎಷ್ಟು ಹೆಜ್ಜೆ, ಯಾವ ಗಿಡದ ಪಕ್ಕ, ಎಡಕ್ಕೆ ಯಾರದು, ಬಲಕ್ಕೆ ಯಾರದು. ಆಮೇಲೆ ಅಬ್ದುಲರಜಾಕನಿಗೆ ಹೇಳಿ ಹೊಸ ಮಣ್ಣು ಹಾಕಿಸಿದರು. ಮಣ್ಣು ಹಾಕುವಾಗ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು. ಎಲ್ಲವನ್ನೂ ಗೌಸಬಿಗೆ ಬರೆದರು. ಮಣ್ಣು ಕುಸಿದದ್ದನ್ನೂ ಬರೆದರು.

ಅಲ್ಲಿಂದ ವಾರಕ್ಕೊಂದು ಕಾಗದ ಹೋಗುವುದು, ವಾರಕ್ಕೊಂದು ಬರುವುದು. ಸ್ಪೆಲಿಂಗ್ ನೋಡಲು ಅವರು ನನ್ನನ್ನು ಮತ್ತೆ ಕರೆಯಲಿಲ್ಲ.

2003ರ ಜನವರಿಯಲ್ಲಿ ಮಹೋತ್ಸವ ನಡೆಯಿತು. ಮುನ್ನೂರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಬಸಂತರಾಯರು ಗೇಟಿನ ಬಳಿ ಮೇಜು ಹಾಕಿಕೊಂಡು ಬ್ಯಾಡ್ಜ್ ಕೊಡುತ್ತಿದ್ದರು. ಬಂದವರು ಬಾಯಿ ತೆರೆಯುವ ಮುನ್ನವೇ ಹಲವರ ಹೆಸರು ಹೇಳುತ್ತಿದ್ದರು. "ನೀ ಮುದ್ದೇಬಿಹಾಳ ಶಂಕ್ರೆಪ್ಪನ ಮಗ ಅಲ್ಲೇನಪಾ?" ಅವರು ಹೌದ್ರಿ ಎಂದು ನಕ್ಕು, ಬ್ಯಾಡ್ಜ್ ಸಿಕ್ಕಿಸಿಕೊಂಡು, ಗೆಳೆಯರನ್ನು ಕಂಡು ಕೂಗುತ್ತ ಒಳಗೆ ಓಡುತ್ತಿದ್ದರು. ಸೂಟು ಹಾಕಿದ ಒಬ್ಬರು ಮಾತ್ರ ನಿಂತು ಅವರನ್ನು ನೋಡಿದರು.

"ಸರ್, ನೀವು ಯಾವ ಬ್ಯಾಚ್‌ನವ್ರು?"

"ನಾ ಕಾರಕೂನ ಅದೀನ್ರಿ" ಎಂದರು ಬಸಂತರಾಯರು.

"ಓ, ಹೌದಾ" ಎಂದು ಅವರು ಒಳಗೆ ಹೋದರು. ವೇದಿಕೆಯ ಮೇಲೆ ಬಹಳ ಜನರಿಗೆ ಶಾಲು ಹೊದಿಸಿದರು. ಕೊನೆಗಳಿಗೆಯಲ್ಲಿ ಯಾರಾದರೂ ಬಸಂತರಾಯರ ಹೆಸರು ಸೇರಿಸಿರಬಹುದೆಂದು ನಾನು ಕೊನೆಯವರೆಗೂ ಕಾದೆ. ಬರಲಿಲ್ಲ. ಪಟ್ಟಿ ಮಾಡುವ ಸಭೆಯಲ್ಲಿ ನಾನೂ ಕುಳಿತಿದ್ದೆ. ಅಲ್ಲಿ ನಾನು ಅವರ ಹೆಸರು ಹೇಳಿರಲಿಲ್ಲ. ಹೊಳೆದಿರಲಿಲ್ಲ, ಅಷ್ಟೇ.

ಗೌಸಬಿ ರಜೆ ಸಿಗದೆ ಬಂದಿರಲಿಲ್ಲ. ಮಹೋತ್ಸವದ ಮರುವಾರ ಡಾಕ್ಟರರ ಕಡೆಯವರು ವಿಳಾಸಗಳನ್ನೆಲ್ಲ ಫ್ಲಾಪಿಗೆ ಹಾಕಿಕೊಂಡು ವಿಜಾಪುರಕ್ಕೆ ಒಯ್ದರು. ಇನ್ನು ಸಂಘದ ಕೆಲಸ ಅಲ್ಲಿಂದಲೇ ನಡೆಯುತ್ತದೆ, ನೀವು ತೊಂದರೆ ತಗೋಬೇಡಿ ಎಂದರು. ಆದರೂ ಬಸಂತರಾಯರು ಯಾರಾದರೂ ಊರು ಬದಲಿಸಿದ್ದು ಕಿವಿಗೆ ಬಿದ್ದರೆ ತಮ್ಮ ಪುಸ್ತಕದಲ್ಲಿ ತಿದ್ದುತ್ತಿದ್ದರು. ಆ ತಿದ್ದಿದ ವಿಳಾಸವನ್ನು ಯಾರೂ ಕೇಳಲಿಲ್ಲ.

2004ರ ಮೇ ಮೂವತ್ತೊಂದಕ್ಕೆ ಅವರು ನಿವೃತ್ತರಾದರು. ಹೊಸ ಕಾರಕೂನ ಬಂದು ಕಂಪ್ಯೂಟರ್ ಮುಂದೆ ಕುಳಿತ. ಬಸಂತರಾಯರು ಬಾಬುಲಾಲನ ಇಂಟರ್ನೆಟ್ ಅಂಗಡಿಗೆ ಹೋಗತೊಡಗಿದರು, ಪ್ರತಿ ಮಂಗಳವಾರ ಬೆಳಿಗ್ಗೆ. ಹೊಸ ಮೇಲ್ ತೆರೆದುಕೊಟ್ಟ ಬಾಬುಲಾಲ ಕೇಳಿದನಂತೆ, "ಕಾಕಾ, ವಿಳಾಸದ ಪಟ್ಟ್ಯಾಗ ಯಾರ್‍ಯಾರದು ಹಾಕೂಣು?" ಒಂದು ಹೆಸರು ಹಾಕಿಸಿದರು. ಮತ್ತ ಯಾರದು ಎಂದು ಕೇಳಿದ್ದಕ್ಕೆ "ಸಾಕು" ಎಂದರಂತೆ. ಇದನ್ನು ನನಗೆ ಹೇಳಿದವನು ಬಾಬುಲಾಲನೇ. ನನ್ನದೂ ಮೇಲ್ ವಿಳಾಸವಿತ್ತು. ಅವರು ಕೇಳಲಿಲ್ಲ, ನಾನು ಕೊಟ್ಟಿರಲಿಲ್ಲ.

2006ರ ಡಿಸೆಂಬರಿನಲ್ಲಿ ಗೌಸಬಿ ಒಂದು ತಿಂಗಳ ರಜೆ ಹಾಕಿ ಊರಿಗೆ ಬಂದರು. ಅವರನ್ನು ಖಬರಸ್ತಾನಕ್ಕೆ ಕರೆದೊಯ್ಯುವಾಗ ಬಸಂತರಾಯರು ನನಗೂ ಬರಹೇಳಿದರು. ಇಬ್ಬರೇ ಹೋಗಲು ಅವರಿಗೆ ಸಂಕೋಚವಿದ್ದಂತಿತ್ತು. ಗೌಸಬಿ ದಪ್ಪ ಕನ್ನಡಕದ, ಗಟ್ಟಿ ಮೈಕಟ್ಟಿನ ಹೆಂಗಸು. ಹೆಣ್ಣುಮಕ್ಕಳು ಒಳಗೆ ಹೋಗುವ ರೂಢಿ ಅಲ್ಲಿಲ್ಲವೆಂದು ಮೋಟು ಗೋಡೆಯ ಹೊರಗೇ ನಿಂತರು. ಬಸಂತರಾಯರು ಒಳಗೆ ಹೋಗಿ ಗೋರಿಯ ಪಕ್ಕ ನಿಂತು ಕೈ ಮಾಡಿ ತೋರಿಸಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು.

ಆಮೇಲೆ ಮೂವರೂ ಚಹಾದ ಅಂಗಡಿಯಲ್ಲಿ ಕುಳಿತೆವು. ನಾಲ್ಕು ವರ್ಷ ವಾರಕ್ಕೊಂದು ಕಾಗದ ಬರೆದವರಿಗೆ ಎದುರು ಕುಳಿತಾಗ ಮಾತೇ ಹೊರಡಲಿಲ್ಲ.

"ಪ್ರಯಾಣ ಹೆಂಗಾತವ್ವಾ?"

"ಚಲೋ ಆತ್ರಿ ಸರ."

"ಅಲ್ಲಿ ಥಂಡಿ ಇರ್ತದೇನು?"

"ಇಲ್ರಿ, ಬಿಸಲ."

ಬಸಂತರಾಯರು ಬಸಿಗೆ ಸುರುವಿಕೊಂಡ ಚಹಾ ಊದಿದರು. ಗೌಸಬಿ ಕಪ್ಪನ್ನು ತಿರುಗಿಸುತ್ತ ಕುಳಿತಿದ್ದರು. ನಾನು ಎದ್ದು ಹೋದರೆ ಮಾತಾಡಿಯಾರೆಂದು ರಸ್ತೆಗೆ ಬಂದೆ. ಹೊರಗಿನಿಂದ ನೋಡಿದೆ. ಹಾಗೇ ಕುಳಿತಿದ್ದರು. ಕೊನೆಗೆ ಯಾಕೂಬಸಾಬನ ಮಗ ಸೈಕಲ್ ಮೋಟರ್ ತಂದ. ಬರ್ತೀನ್ರಿ ಸರ ಎಂದು ಆಕೆ ಹತ್ತಿ ಹೋದರು.

ಮಸ್ಕತ್ ಸೇರಿದ ವಾರವೇ ಆಕೆಯ ಕಾಗದ ಬಂತಂತೆ. ಅಷ್ಟು ಉದ್ದದ್ದು ಹಿಂದೆಂದೂ ಬಂದಿರಲಿಲ್ಲ ಎಂದು ಬಸಂತರಾಯರೇ ದಾರಿಯಲ್ಲಿ ಸಿಕ್ಕಾಗ ಹೇಳಿದರು. "ಅಲ್ಲಿ ಕುಂತು ಆಡಬೇಕಂದದ್ದೆಲ್ಲಾ ಬರದಾಳ್ರಿ" ಎಂದು ನಕ್ಕರು. ಏನು ಬರೆದಿದ್ದಾರೆಂದು ನಾನು ಕೇಳಲಿಲ್ಲ.

2008ರಲ್ಲಿ ಮೈಗೆ ಹುಷಾರಿಲ್ಲದೆ ಅವರು ಖೋಲಿ ಬಿಟ್ಟು ಆಲಮೇಲಕ್ಕೆ, ಅಣ್ಣನ ಮಗನ ಮನೆಗೆ ಹೋದರು. ಆದರೂ ಮಂಗಳವಾರ ಬಸ್ಸು ಹತ್ತಿ ಸಿಂದಗಿಗೆ ಬರುತ್ತಿದ್ದರು. ಬಾಬುಲಾಲ ಅವರಿಗಾಗಿ ಒಂದು ಕುರ್ಚಿ ಖಾಲಿ ಇಡುತ್ತಿದ್ದ. ಮರುವರ್ಷ ಶ್ರಾವಣದಲ್ಲಿ ಎರಡು ಮಂಗಳವಾರ ಅವರು ಬರಲಿಲ್ಲ. ಮೂರನೆಯದಕ್ಕೆ ಸುದ್ದಿ ಬಂತು. ಆಲಮೇಲದಲ್ಲಿ ಮಣ್ಣೂ ಆಗಿಹೋಗಿತ್ತು.

ಗೌಸಬಿಗೆ ತಿಳಿಸಬೇಕಲ್ಲ ಎಂದು ನನಗೆ ಅನ್ನಿಸಿತು. ಆಕೆಯ ಮೇಲ್ ವಿಳಾಸ ನನ್ನಲ್ಲಿರಲಿಲ್ಲ. ಶಾಲೆಯ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿತ್ತು. ಯಾಕೂಬಸಾಬನ ಮನೆಗೆ ಹೋಗಿ ಫೋನ್ ನಂಬರ್ ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲಿಂದಲೇ ಹಚ್ಚಿದೆ. ಯಾರು ಎಂದು ಹೇಳಿಕೊಂಡೆ. ಮುಂದೆ ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಂತೆ ಆಕೆಯೇ ಕೇಳಿದರು.

"ಸರ್ ಹೋದ್ರೇನ್ರಿ?"

"ಹೌದ್ರಿ. ಹದಿನೈದು ದಿನ ಆತು."

ಆ ಕಡೆಯಿಂದ ದವಾಖಾನೆಯ ಗದ್ದಲ ಕೇಳುತ್ತಿತ್ತು. ಯಾರೋ ಆಕೆಯನ್ನು ಕರೆದರು.

"ನಾ ಡ್ಯೂಟಿ ಮ್ಯಾಲ ಅದೀನ್ರಿ. ಆಮ್ಯಾಲ ಮಾಡ್ತೀನಿ" ಎಂದರು.

ಆಕೆ ಮತ್ತೆ ಮಾಡಲಿಲ್ಲ. ನಂಬರ್ ನನ್ನ ಬಳಿ ಇತ್ತು. ನಾನೂ ಮಾಡಲಿಲ್ಲ.